ಅತಿಭಾರಾರೋಪಣ: ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಅಹಿಂಸೆಯ ಪರೀಕ್ಷೆ

ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿಗಳ ಕಡೆಯಿಂದ ರಾತ್ರಿ ಹೊರಟ ಬಸ್ಸು ಬೆಳಗಿನ ಜಾವಕ್ಕೆ ಸುರಂಗ ದಾಟಿ ಕಾತ್ರಜಕ್ಕೆ ಇಳಿಯುತ್ತದೆ. ಕರ್ನಾಟಕದಿಂದ ಪುಣೆಗೆ ಬರುವವರಿಗೆ ಕಾತ್ರಜವೇ ಹೆಬ್ಬಾಗಿಲು. ಅಲ್ಲಿ ಇಳಿಯುವವರಲ್ಲಿ ನೌಕರಿಗೆ ಬಂದವರು, ಓದಲು ಬಂದವರು, ಬಂಧುಗಳ ಮನೆಗೆ ಬಂದವರು ಇರುವಂತೆಯೇ ಎಕ್ಸ್‌ರೇ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಚಿಕಿತ್ಸೆಗೆಂದು ಬಂದವರೂ ಇರುತ್ತಾರೆ. ಅದೇ ಹೊತ್ತಿಗೆ ಸಾತಾರಾ ರಸ್ತೆಯ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮುಗಿಸಿದ ದಾದಿಯರು, ಆಯಾಗಳು, ವಾರ್ಡ್‌ಬಾಯ್‌ಗಳು ಊರ ಬಸ್ಸಿಗಾಗಿ ಕಾದು ನಿಂತಿರುತ್ತಾರೆ. ಬಂದವರ ಕಣ್ಣಲ್ಲಿ ಭರವಸೆ, ಹೋಗುವವರ ಕಣ್ಣಲ್ಲಿ ತಡೆಯಲಾರದ ನಿದ್ದೆ. ಇವರ ಭರವಸೆ ನಿಂತಿರುವುದು ಅವರ ನಿದ್ದೆಯ ಮೇಲೆ. ಆದರೆ ಆ ನಿದ್ದೆಯ ಲೆಕ್ಕವನ್ನು ಕೇಳುವವರು ಯಾರೂ ಇಲ್ಲ.

ಕಾತ್ರಜ, ಧನಕವಾಡಿ, ಕೊಂಢವಾ ಭಾಗದಲ್ಲಿ ಭಾರತಿ ವಿದ್ಯಾಪೀಠದಂತಹ ದೊಡ್ಡ ಬೋಧನಾ ಆಸ್ಪತ್ರೆಯಿಂದ ಹಿಡಿದು ಕೆಲವೇ ಹಾಸಿಗೆಗಳ ನರ್ಸಿಂಗ್ ಹೋಮ್‌ಗಳ ವರೆಗೆ ಎಲ್ಲ ಬಗೆಯ ಆರೋಗ್ಯ ಸಂಸ್ಥೆಗಳಿವೆ. ಪುಣೆಯಲ್ಲಿ ನೆಲೆಸಿದ ಜೈನ ಕನ್ನಡಿಗರು ಇಂತಹ ಕಡೆ ರೋಗಿಗಳಾಗಿ ಹೋಗುತ್ತಾರೆ, ವೈದ್ಯರಾಗಿ ದುಡಿಯುತ್ತಾರೆ, ದಾನಿಗಳಾಗಿ ಕೊಡುತ್ತಾರೆ, ಧರ್ಮದರ್ಶಿಗಳಾಗಿ ನಡೆಸುತ್ತಾರೆ. ಇಲ್ಲಿ ಹೇಳಬೇಕಾದ ಮಾತು ಯಾವುದೇ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಕಾತ್ರಜದಲ್ಲಿ ಕಾಣುವುದು ಹುಬ್ಬಳ್ಳಿಯಲ್ಲಿಯೂ ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಕಾಣುತ್ತದೆ. ರೋಗಿಯ ಮೇಲಿನ ಕರುಣೆಗಾಗಿ ಕಟ್ಟಿದ ಮನೆಯೊಳಗೆ, ಆ ಕರುಣೆಯನ್ನು ಕೈಯಾರೆ ನಡೆಸಿಕೊಡುವವರ ಮೇಲೆ ಕರುಣೆ ಇದೆಯೇ ಎಂಬುದೇ ಪ್ರಶ್ನೆ.

ಜೈನ ಸಮಾಜಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಮಾಂಸ ಸೇರದ ಚಿಕಿತ್ಸಾಕ್ರಮವನ್ನು ರಾಷ್ಟ್ರಕೂಟರ ಕಾಲದಲ್ಲಿಯೇ ಪ್ರತಿಪಾದಿಸಿದ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’, ವಿಷವೈದ್ಯವನ್ನು ಕನ್ನಡದಲ್ಲಿಯೇ ವಿವರಿಸಿದ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಇವು ಆ ಪರಂಪರೆಯ ಸಾಕ್ಷಿಗಳು. ಇಂದಿಗೂ ಜೈನ ನ್ಯಾಸಗಳು ಡಯಾಲಿಸಿಸ್ ಕೇಂದ್ರ, ಕಣ್ಣಿನ ಆಸ್ಪತ್ರೆ, ರಕ್ತನಿಧಿಗಳನ್ನು ಶ್ರದ್ಧೆಯಿಂದ ಕಟ್ಟುತ್ತಿವೆ. ಉದ್ಘಾಟನೆಯ ದಿನ ಹಾಸಿಗೆಗಳ ಸಂಖ್ಯೆ, ಯಂತ್ರಗಳ ಬೆಲೆ, ದಾನಿಗಳ ಹೆಸರು ಎಲ್ಲವನ್ನೂ ಓದಲಾಗುತ್ತದೆ. ಆ ಹಾಸಿಗೆಗಳನ್ನು ರಾತ್ರಿಯೆಲ್ಲ ಕಾಯುವವರು ಎಷ್ಟು ಮಂದಿ, ಅವರು ಎಷ್ಟು ಗಂಟೆ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಯಾವಾಗ ಉಣ್ಣುತ್ತಾರೆ ಎಂಬುದನ್ನು ಯಾರೂ ಓದುವುದಿಲ್ಲ. ಅಮೃತಶಿಲೆಯ ಫಲಕದ ಮೇಲೆ ಪಾಳಿಪಟ್ಟಿಗೆ ಜಾಗವಿಲ್ಲ.

ಆದರೆ ಶಾಸ್ತ್ರದಲ್ಲಿ ಅದಕ್ಕೆ ಜಾಗವಿದೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ಅಹಿಂಸಾಣುವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಈ ಮೂರನ್ನೂ ಹಿಂಸೆಯೆಂದು ಯಾರು ಬೇಕಾದರೂ ಗುರುತಿಸಬಲ್ಲರು. ಉಳಿದ ಎರಡು ಸೂಕ್ಷ್ಮವಾದವು. ಹೊರಲಾರದಷ್ಟು ಹೊರೆ ಹೇರುವುದೂ ಹಿಂಸೆ. ಹೊತ್ತಿಗೆ ಸರಿಯಾಗಿ ಅನ್ನ ನೀರು ಸಿಗದಂತೆ ಮಾಡುವುದೂ ಹಿಂಸೆ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೆರಡು ತಪ್ಪದೆ ಬರುತ್ತವೆ. ಹಳೆಯ ಟೀಕಾಕಾರರು ಇವನ್ನು ವಿವರಿಸುವಾಗ ಎತ್ತು ಮೊದಲಾದ ದುಡಿಯುವ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಘಟ್ಟ ಹತ್ತುವ ಗಾಡಿಗೆ ಇನ್ನೊಂದು ಜೋಡಿ ಎತ್ತು ಕಟ್ಟುವುದು ಒಕ್ಕಲುತನ ಬಲ್ಲ ಪ್ರತಿಯೊಬ್ಬನಿಗೂ ಗೊತ್ತಿದ್ದ ನೀತಿ. ಎತ್ತಿಗೆ ಸಲ್ಲುವ ಈ ನ್ಯಾಯ ಇಪ್ಪತ್ತು ರೋಗಿಗಳ ನಡುವೆ ಒಬ್ಬಳೇ ಓಡಾಡುವ ದಾದಿಗೆ ಸಲ್ಲುವುದಿಲ್ಲವೆಂದು ಹೇಳಲು ಯಾವ ಆಧಾರವಿದೆ? ಕುಂಟ ಹಸುವಿಗೆ ಪಾಂಜರಪೋಳ ಕಟ್ಟಿದ ಸಮಾಜ, ಕಾಲು ಬಾತ ಆಯಾಗೆ ಒಂದು ಕುರ್ಚಿ ಹಾಕಿಸಲಾರದೆ ಹೋದರೆ ಆ ಅಹಿಂಸೆಯಲ್ಲಿ ಎಲ್ಲಿಯೋ ಲೆಕ್ಕ ತಪ್ಪಿದೆ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿರುತ್ತದೆ: ವೈದ್ಯವೃತ್ತಿ ಒಂದು ತಪಸ್ಸು, ಅಲ್ಲಿ ಹಸಿವು ನಿದ್ದೆಗಳ ಮಾತೇಕೆ? ತಪಸ್ಸಿನ ಅರ್ಥವನ್ನು ಬಲ್ಲ ಸಮಾಜದಲ್ಲಿ ಈ ಉತ್ತರ ನಿಲ್ಲುವುದಿಲ್ಲ. ಉಪವಾಸ ಮಾಡುವವನು ತಾನಾಗಿ ಪ್ರತ್ಯಾಖ್ಯಾನ ಸ್ವೀಕರಿಸುತ್ತಾನೆ. ಶಕ್ತಿ ಮೀರಿದ ತಪಸ್ಸನ್ನು ಗುರುಗಳೂ ಒಪ್ಪುವುದಿಲ್ಲ. ಒಬ್ಬನು ತಾನೇ ಬಿಟ್ಟ ಊಟ ಅನಶನ ತಪಸ್ಸು. ಮತ್ತೊಬ್ಬನಿಂದ ಬಿಡಿಸಿದ ಊಟ ಅನ್ನಪಾನನಿರೋಧ. ಮೊದಲನೆಯದು ಕರ್ಮನಿರ್ಜರೆಗೆ ಕಾರಣ, ಎರಡನೆಯದು ಬಿಡಿಸಿದವನಿಗೆ ಕರ್ಮಬಂಧಕ್ಕೆ ಕಾರಣ. ಮೇಲಧಿಕಾರಿಯೊಬ್ಬನು ಕಿರಿಯ ವೈದ್ಯನ ಮೂವತ್ತಾರು ಗಂಟೆಗಳ ದುಡಿಮೆಯನ್ನು ತ್ಯಾಗವೆಂದು ಕೊಂಡಾಡುವಾಗ, ತ್ಯಾಗ ಮಾಡಿದವರು ಯಾರು, ಮಾಡಿಸಿದವರು ಯಾರು ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಈ ವಿಚಾರಣೆ ತಡವಾದಾಗ ಏನಾಗುತ್ತದೆಂಬುದಕ್ಕೆ ದೇಶದ ಇತಿಹಾಸದಲ್ಲಿ ಎರಡು ದಾರುಣ ನಿದರ್ಶನಗಳಿವೆ. ಮೊದಲನೆಯದು ಕನ್ನಡ ನಾಡಿನ ಮಗಳೊಬ್ಬಳದು. ಉತ್ತರ ಕನ್ನಡದ ಹಳದಿಪುರದಿಂದ ಮುಂಬಯಿಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರ ನವೆಂಬರ್ 27ರಂದು, ಪಾಳಿ ಮುಗಿಸಿ ನೆಲಮಾಳಿಗೆಯ ಕೋಣೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ, ಅದೇ ಆಸ್ಪತ್ರೆಯ ನೌಕರನೊಬ್ಬನು ಅಮಾನುಷ ದಾಳಿ ನಡೆಸಿದನು. ನಗರದ ಹೆಸರಾಂತ ಆಸ್ಪತ್ರೆಯಲ್ಲಿ ದಾದಿಯೊಬ್ಬಳು ನೆಮ್ಮದಿಯಿಂದ ಬಟ್ಟೆ ಬದಲಿಸಲು ಸುರಕ್ಷಿತವಾದ ಒಂದು ಕೋಣೆ ಇರಲಿಲ್ಲ. ಎರಡನೆಯದು 2024ರ ಆಗಸ್ಟ್ 9ರದು. ಕೋಲ್ಕತ್ತಾದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ದೀರ್ಘ ಪಾಳಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ವಿಶ್ರಮಿಸಲು ಹೋದ ಸ್ನಾತಕೋತ್ತರ ವಿದ್ಯಾರ್ಥಿನಿ ಅತ್ಯಾಚಾರಕ್ಕೂ ಕೊಲೆಗೂ ಈಡಾದರು. ಎರಡು ಘಟನೆಗಳ ನಡುವೆ ಅರ್ಧ ಶತಮಾನ ಕಳೆದಿದೆ. ಯಂತ್ರಗಳು ಬದಲಾದವು, ಕಟ್ಟಡಗಳು ಎತ್ತರವಾದವು. ದುಡಿದು ದಣಿದವಳಿಗೆ ಬಾಗಿಲು ಹಾಕಿಕೊಳ್ಳಬಲ್ಲ ಒಂದು ಕೋಣೆ ಮಾತ್ರ ಇನ್ನೂ ಬರಲಿಲ್ಲ.

ಅರುಣಾ ಅವರ ಕಥೆಗೆ ಇನ್ನೊಂದು ಮುಖವಿದೆ. ಪ್ರಜ್ಞೆ ಮರಳದೆ ಮಲಗಿದ ತಮ್ಮ ಸಹೋದ್ಯೋಗಿಯನ್ನು ಕೆಇಎಂ ಆಸ್ಪತ್ರೆಯ ದಾದಿಯರು 2015ರ ಮೇ 18ರಂದು ಅವರು ತೀರಿಕೊಳ್ಳುವ ವರೆಗೆ 41 ವರ್ಷಗಳಿಗೂ ಮಿಕ್ಕಿ ಸಲಹಿದರು. ಅವರನ್ನು ಎಂದೂ ಕಾಣದಿದ್ದ ಹೊಸ ತಲೆಮಾರಿನ ದಾದಿಯರೂ ಆ ಸೇವೆಯನ್ನು ತಮ್ಮದಾಗಿಸಿಕೊಂಡರು. ಅವರನ್ನು ಬೇರೆಡೆಗೆ ಸಾಗಿಸುವ ಯೋಚನೆ ಬಂದಾಗ ಪ್ರತಿಭಟಿಸಿದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅರುಣಾ ಅವರ ಪರವಾಗಿ ಮಾತನಾಡುವ ಆಪ್ತರ ಸ್ಥಾನವನ್ನು ಆ ಸಿಬ್ಬಂದಿಗೇ ನೀಡಿತು. ಜೈನ ಧರ್ಮವು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸುವ ವೈಯಾವೃತ್ಯ, ಅಂದರೆ ದಣಿದವರ ಮತ್ತು ರೋಗಗ್ರಸ್ತರ ಸೇವೆ, ಹೇಗಿರುತ್ತದೆಂದು ತೋರಿಸಲು ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕರುಣೆ ವಾರ್ಡಿನಲ್ಲಿ ಇತ್ತು. ಅದು ಇಲ್ಲದೆ ಹೋದದ್ದು ಕೋಣೆಗಳನ್ನು ಹಂಚುವ, ಪಾಳಿಗಳನ್ನು ಬರೆಯುವ, ಹಣವನ್ನು ಮಂಜೂರು ಮಾಡುವ ಮೇಜಿನ ಬಳಿ.

ಆ ಮೇಜಿನ ಬಳಿ ಕಾಗದಗಳಿಗೆ ಕೊರತೆಯಿಲ್ಲ. ಸ್ಥಾನಿಕ ವೈದ್ಯರು ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ದುಡಿಯಬಾರದು, ಸಾಮಾನ್ಯವಾಗಿ ವಾರಕ್ಕೆ 48 ಗಂಟೆ ಸಾಕು ಎಂದು ಕೇಂದ್ರ ಸರಕಾರದ ನಿರ್ದೇಶನ ಬಂದದ್ದು 1992ರ ಜೂನ್ 5ರಂದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಗಳು ಗಂಟೆಗಳನ್ನು ಹೆಸರಿಸದೆ ‘ಸಮಂಜಸವಾದ’ ದುಡಿಮೆಯ ಅವಧಿ ಎಂದಷ್ಟೇ ಹೇಳಿದವು. ಅದೇ ಆಯೋಗವು ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕಾರ್ಯಪಡೆಯೊಂದನ್ನು ನೇಮಿಸಿತು. ಅದರ ಅಧ್ಯಕ್ಷತೆ ವಹಿಸಿದ್ದವರು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಾಧ್ಯಾಪಕ ಡಾ. ಸುರೇಶ ಬಡಾ ಮಠ. 2024ರಲ್ಲಿ ಹೊರಬಂದ ಅದರ ವರದಿ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡಾ 31ರಷ್ಟು ಮಂದಿಗೆ ಬದುಕನ್ನೇ ಕೊನೆಗೊಳಿಸುವ ಯೋಚನೆ ಬಂದಿತ್ತೆಂದು ದಾಖಲಿಸಿತು. ವಾರಕ್ಕೆ 74 ಗಂಟೆಯ ಮಿತಿ, ವಾರಕ್ಕೊಂದು ರಜೆ, ದಿನಕ್ಕೆ 7–8 ಗಂಟೆಯ ನಿದ್ದೆ, ಇವು ಅದರ ಶಿಫಾರಸುಗಳು. ಆರು ದಿನಗಳಿಗೆ ಹಂಚಿದರೆ 74 ಗಂಟೆ ಎಂದರೆ ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು. ಅಷ್ಟನ್ನೂ ದೊಡ್ಡ ಸುಧಾರಣೆಯೆಂದು ಬೇಡಬೇಕಾದ ಸ್ಥಿತಿ ಇದೆ ಎಂಬುದೇ ಆ ವರದಿ ಹೇಳದೆ ಹೇಳಿದ ಮಾತು. ನೂಲಿನ ಗಿರಣಿಯ ಕೆಲಸಗಾರನಿಗೆ ವಾರಕ್ಕೆ 48 ಗಂಟೆಯ ಮಿತಿಯನ್ನೂ ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯ ಬಿಡುವನ್ನೂ 1948ರ ಕಾರ್ಖಾನೆ ಕಾಯಿದೆಯೇ ಕೊಟ್ಟಿತ್ತು. ನೂಲು ತುಂಡಾದರೆ ಗಂಟು ಹಾಕಬಹುದು. ದಣಿದ ಕೈ ತಪ್ಪು ಔಷಧ ಹಾಕಿದರೆ ಏನು ಮಾಡುವುದು?

ದಾದಿಯರ ಮಾತೂ ಬೇರೆಯಲ್ಲ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂರು ಹಾಸಿಗೆಗೆ ಒಬ್ಬ ದಾದಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ಬಗ್ಗೆ ಸರ್ವೋಚ್ಚ ನ್ಯಾಯಾಲಯದ 2016ರ ಆದೇಶದಂತೆ ರಚನೆಯಾದ ಸಮಿತಿ ಸ್ಪಷ್ಟವಾದ ಲೆಕ್ಕ ಕೊಟ್ಟಿದೆ: 200ಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರಕಾರಿ ದಾದಿಯರಿಗೆ ಸಮನಾದ ಸಂಬಳ, 100ರಿಂದ 200 ಹಾಸಿಗೆಗಳಿದ್ದರೆ ಅದಕ್ಕಿಂತ ಶೇಕಡಾ 10ಕ್ಕೆ ಮೀರದಷ್ಟು ಕಡಿಮೆ, 50ರಿಂದ 100 ಇದ್ದರೆ ಶೇಕಡಾ 25ಕ್ಕೆ ಮೀರದಷ್ಟು ಕಡಿಮೆ, 50ಕ್ಕಿಂತ ಕಡಿಮೆ ಇದ್ದರೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಇವು ಶಿಫಾರಸುಗಳಾಗಿದ್ದುದರಿಂದ ಜಾರಿಗೊಳಿಸುವ ಹೊಣೆ ರಾಜ್ಯ ಸರಕಾರಗಳ ಮೇಲೆ ಬಿತ್ತು. ಚುನಾವಣೆಗಳಲ್ಲಿ ಹೊಸ ಆಸ್ಪತ್ರೆಯ ಭರವಸೆ ಕೊಡದ ಪಕ್ಷವಿಲ್ಲ. ಇರುವ ಆಸ್ಪತ್ರೆಯ ದಾದಿಗೆ ಈ ಲೆಕ್ಕದಂತೆ ಸಂಬಳ ಕೊಡಿಸುತ್ತೇವೆಂದು ಮತ ಕೇಳಿದ ಪಕ್ಷ ಯಾವುದು?

ಹೊಗಳಿಕೆಯನ್ನು ಕೊಡುವುದು ಮಾತ್ರ ರಾಜಕಾರಣಕ್ಕೆ ಸುಲಭ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ದೇಶವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿತು, ತಟ್ಟೆ ಬಾರಿಸಿತು. ಮಹಾರಾಷ್ಟ್ರದ ಮೊದಲ ಕೋವಿಡ್ ರೋಗಿಗಳನ್ನು ಅದೇ ತಿಂಗಳು ನೋಡಿಕೊಂಡದ್ದು ಪುಣೆಯ ಮಹಾನಗರಪಾಲಿಕೆಯ ನಾಯ್ಡು ಆಸ್ಪತ್ರೆ. ಅಲ್ಲಿಯ ಸಿಬ್ಬಂದಿಗೆ ಸಂದ ಗೌರವ ಯೋಗ್ಯವಾದದ್ದೇ. ಆದರೆ ಜುಲೈ ತಿಂಗಳಿಗೆ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಯ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆಗೂ ಮುಷ್ಕರಕ್ಕೂ ನಡುವೆ ನಾಲ್ಕೇ ತಿಂಗಳು. 2025ರ ಜನವರಿಯ ಚಳಿಯಲ್ಲಿ ಅವರು ಮತ್ತೆ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲು ರಾತ್ರಿ ಕುಳಿತರು. ಪುಣೆಗೆ ಈ ಪಾಠ ಹೊಸದಲ್ಲ. 1897ರ ಪ್ಲೇಗಿನಲ್ಲಿ ರೋಗಿಗಳನ್ನು ಮಗ ಯಶವಂತರ ಚಿಕಿತ್ಸಾಲಯಕ್ಕೆ ಸಾಗಿಸುತ್ತ ಸಾವಿತ್ರಿಬಾಯಿ ಫುಲೆ ತಾವೇ ಸೋಂಕಿಗೆ ತುತ್ತಾಗಿ ಮಾರ್ಚ್ 10ರಂದು ಕಣ್ಣುಮುಚ್ಚಿದರು. ಅಂತಹ ಬಲಿದಾನಕ್ಕೆ ತಲೆಬಾಗಬೇಕು. ಆದರೆ ಒಂದು ವ್ಯವಸ್ಥೆ ಪ್ರತಿದಿನವೂ ಬಲಿದಾನವನ್ನೇ ನೆಚ್ಚಿ ನಡೆಯುತ್ತಿದ್ದರೆ ಅದನ್ನು ಆಡಳಿತವೆಂದು ಕರೆಯಲಾಗದು.

ಸಿಬ್ಬಂದಿಯ ಕ್ಷೇಮವೆಂಬುದು ಸಿಬ್ಬಂದಿಯ ವಿಷಯ ಮಾತ್ರವೇ, ರೋಗಿಗೆ ಅದರಿಂದ ಏನಾಗಬೇಕು ಎಂದು ಕೇಳುವವರಿದ್ದಾರೆ. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟು ವರ್ಷದ ಹುಡುಗಿ ದಾಖಲಾದ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಅವಳನ್ನು ನೋಡಿಕೊಳ್ಳುತ್ತಿದ್ದ ಕಿರಿಯ ವೈದ್ಯರ ದೀರ್ಘ ಪಾಳಿಗಳು ಆ ಸಾವಿನ ತನಿಖೆಯಲ್ಲಿ ಚರ್ಚೆಗೆ ಬಂದವು. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆ, ಒಂದೇ ಸಮನೆ 24 ಗಂಟೆ ಎಂಬ ಮಿತಿಯನ್ನು ವಿಧಿಸಿತು. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ಕಥೆ ಇನ್ನೂ ಕಟುವಾದದ್ದು. 2005ರಿಂದ 2009ರ ವರೆಗೆ ಅಲ್ಲಿ ಹಣಕಾಸಿನ ಗುರಿಗಳನ್ನು ಮುಟ್ಟುವ ಆತುರದಲ್ಲಿ ಸಿಬ್ಬಂದಿ ಕಡಿತವಾಯಿತು; ರೋಗಿಗಳ ಕೈಗೆ ನೀರು ಎಟುಕದಾಯಿತು, ಹಾಸಿಗೆ ಬದಲಿಸುವವರಿಲ್ಲದಾಯಿತು. ದನಿ ಎತ್ತಿದ ಸಿಬ್ಬಂದಿಯ ಮಾತನ್ನು ಕೇಳುವವರೂ ಇರಲಿಲ್ಲ. 2013ರ ಫೆಬ್ರವರಿಯಲ್ಲಿ ರಾಬರ್ಟ್ ಫ್ರಾನ್ಸಿಸ್ ಆಯೋಗವು 290 ಶಿಫಾರಸುಗಳೊಡನೆ ವರದಿ ಕೊಟ್ಟಿತು. ದಾದಿಗೆ ಹೇರಿದ ಅತಿಭಾರ ಕೊನೆಗೆ ರೋಗಿಯ ಪಾಲಿನ ಅನ್ನಪಾನನಿರೋಧವಾಗಿ ಇಳಿಯಿತು ಎಂದರೆ ಆ ವರದಿಯ ಸಾರವನ್ನು ಜೈನ ಪರಿಭಾಷೆಯಲ್ಲಿ ಹೇಳಿದಂತಾಗುತ್ತದೆ. ಒಂದು ಅತಿಚಾರ ಇನ್ನೊಂದನ್ನು ಹೆರುತ್ತದೆ.

ಅಂತಹ ಅನುಭವಗಳ ನಂತರವೇ ಬ್ರಿಟನ್ನಿನಲ್ಲಿ ಕರುಣಾಪೂರ್ಣ ನಾಯಕತ್ವವೆಂಬ ಮಾತಿಗೆ ತೂಕ ಬಂದಿತು. ಅದನ್ನು ಬೆಳೆಸಿದವರಲ್ಲಿ ಪ್ರಮುಖರಾದ ಮನೋವಿಜ್ಞಾನಿ ಮೈಕೇಲ್ ವೆಸ್ಟ್ ಅವರು ನಾಯಕನ ಕೆಲಸವನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಕಿವಿಗೊಡುವುದು, ಕಷ್ಟದ ಮೂಲವನ್ನು ಅರಿಯುವುದು, ಅದನ್ನು ಮನಸ್ಸಿಗೆ ತಂದುಕೊಳ್ಳುವುದು, ಪರಿಹರಿಸಲು ಕೈ ಹಾಕುವುದು. ಅನೇಕಾಂತವನ್ನು ನಂಬುವವರಿಗೆ ಮೊದಲನೆಯ ಹೆಜ್ಜೆ ಕಷ್ಟವಾಗಬಾರದು. ಒಂದೇ ವಾರ್ಡು ಮುಖ್ಯ ವೈದ್ಯರಿಗೆ ಒಂದು ಬಗೆಯಾಗಿ, ರಾತ್ರಿ ದಾದಿಗೆ ಇನ್ನೊಂದು ಬಗೆಯಾಗಿ, ನೆಲ ಒರೆಸುವ ಗುತ್ತಿಗೆಯ ಹೆಂಗಸಿಗೆ ಮತ್ತೊಂದು ಬಗೆಯಾಗಿ ಕಾಣುತ್ತದೆ. ಮೂರೂ ನಿಜ, ಮೂರನ್ನೂ ಕೇಳದ ಆಡಳಿತ ಮಂಡಳಿಗೆ ವಾರ್ಡು ತಿಳಿದಿಲ್ಲ. ಆದರೆ ನಾಲ್ಕನೆಯ ಹೆಜ್ಜೆ ಇಲ್ಲದೆ ಮೊದಲ ಮೂರು ವ್ಯರ್ಥ. ವರ್ಷಕ್ಕೊಮ್ಮೆ ದಾದಿಯರ ದಿನದಂದು ಗುಲಾಬಿ ಕೊಟ್ಟು, ಒತ್ತಡ ನಿವಾರಣೆಗೆ ಧ್ಯಾನದ ತರಗತಿ ಏರ್ಪಡಿಸಿ, ಮರುದಿನ ಅದೇ ಪಾಳಿಪಟ್ಟಿಗೆ ಸಹಿ ಹಾಕುವುದು ಕರುಣೆಯಲ್ಲ. ಪ್ರೇಕ್ಷಾಧ್ಯಾನವೂ ಸಾಮಾಯಿಕವೂ ಅಮೂಲ್ಯವಾದವು. ಆದರೆ ಅವು ನಿದ್ದೆಗೆ ಬದಲಿಯಲ್ಲ. ದುಡಿಮೆಯಿಂದ ಬಸವಳಿಯುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವ್ಯಕ್ತಿಯ ಕಾಯಿಲೆಯೆನ್ನದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವರ್ಗೀಕರಿಸಿದೆ. ಕಾರಣ ಉದ್ಯೋಗದಲ್ಲಿದ್ದಾಗ ಮದ್ದನ್ನು ಉದ್ಯೋಗಿಯ ಮನಸ್ಸಿಗೆ ಮಾತ್ರ ಹಚ್ಚಿದರೆ ಫಲವಿಲ್ಲ.

ಒಂದು ಸಣ್ಣ ಸಂಗತಿ ಸಾಕು, ಈ ಮಾತು ಎಷ್ಟು ನಿತ್ಯದ್ದೆಂದು ತಿಳಿಯಲು. ಅನಸ್ತಮಿತ ವ್ರತವಿರುವ, ಸೂರ್ಯಾಸ್ತದ ನಂತರ ಉಣ್ಣದ ಜೈನ ದಾದಿಯೊಬ್ಬಳು ಮಧ್ಯಾಹ್ನದ ಪಾಳಿಯಲ್ಲಿದ್ದಾಳೆಂದು ಭಾವಿಸಬಹುದು. ಪುಣೆಯ ಚಳಿಗಾಲದಲ್ಲಿ ಹೊತ್ತು ಮುಳುಗುವುದು ಸುಮಾರು ಆರು ಗಂಟೆಗೆ. ಐದೂವರೆಗೆ ಅವಳಿಗೆ ಇಪ್ಪತ್ತು ನಿಮಿಷ ಸಿಗದೆ ಹೋದರೆ ಮರುದಿನ ಬೆಳಗಿನ ವರೆಗೆ ಅವಳಿಗೆ ಊಟವಿಲ್ಲ. ಆ ಇಪ್ಪತ್ತು ನಿಮಿಷ ಅವಳ ಜಾಗದಲ್ಲಿ ನಿಲ್ಲಲು ಇನ್ನೊಬ್ಬರು ಇರಬೇಕು. ಇನ್ನೊಬ್ಬರು ಇರಬೇಕಾದರೆ ನೇಮಕಾತಿ ಆಗಿರಬೇಕು. ನೇಮಕಾತಿಗೆ ಧರ್ಮದರ್ಶಿಗಳು ಹಣ ಇಟ್ಟಿರಬೇಕು. ಒಂದು ತುತ್ತು ಅನ್ನದ ಪ್ರಶ್ನೆ ನೇರವಾಗಿ ಆಡಳಿತ ಮಂಡಳಿಯ ಸಭೆಗೆ ಹೋಗಿ ಮುಟ್ಟುತ್ತದೆ. ರಮಜಾನ್ ತಿಂಗಳಲ್ಲಿ ಅದೇ ಸೂರ್ಯಾಸ್ತಕ್ಕೆ ಉಪವಾಸ ಬಿಡುವ ಮುಸ್ಲಿಂ ಸಹೋದ್ಯೋಗಿಗೂ, ಯಾವ ವ್ರತವೂ ಇಲ್ಲದೆ ಬರಿಯ ಹಸಿವಿರುವ ವಾರ್ಡ್‌ಬಾಯ್‌ಗೂ ಬೇಕಾದದ್ದು ಆ ಇಪ್ಪತ್ತು ನಿಮಿಷವೇ. ತನ್ನ ವ್ರತಕ್ಕೆ ಬಿಡುವು ಬೇಡುವ ಸಮಾಜ, ಬೇರೆಯವರ ಹಸಿವಿಗೂ ಅದೇ ಬಿಡುವನ್ನು ಕೊಡಿಸಲು ಹೊರಟಾಗಲೇ ಆ ಬೇಡಿಕೆ ಧರ್ಮವಾಗುತ್ತದೆ.

ಖರ್ಚಿನ ಮಾತು ಬರುತ್ತದೆ, ಬರಬೇಕಾದದ್ದೇ. ಧರ್ಮಾರ್ಥ ಆಸ್ಪತ್ರೆಗಳ ಆದಾಯ ಸೀಮಿತ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ನ್ಯಾಸ ಕಾಯಿದೆಯ ಅಡಿಯಲ್ಲಿ, ಮುಂಬಯಿ ಉಚ್ಚ ನ್ಯಾಯಾಲಯ 2006ರಲ್ಲಿ ಒಪ್ಪಿದ ಯೋಜನೆಯಂತೆ, ಅವು ಶೇಕಡಾ 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೂ ಶೇಕಡಾ 10ರಷ್ಟನ್ನು ಬಡವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಬಿಲ್ಲಿನ ಶೇಕಡಾ 2ರಷ್ಟನ್ನು ಬಡರೋಗಿಗಳ ನಿಧಿಗೆ ಹಾಕಬೇಕು. ಇದು ಒಳ್ಳೆಯ ನಿಯಮ, ಇನ್ನಷ್ಟು ಕಟ್ಟುನಿಟ್ಟಾಗಿ ನಡೆಯಬೇಕಾದ ನಿಯಮ. ಆದರೆ ಬಡರೋಗಿಯ ಹಾಸಿಗೆಯ ಲೆಕ್ಕ ಕೇಳುವ ಈ ಯೋಜನೆ ಆ ಹಾಸಿಗೆಯ ಬಳಿ ನಿಂತ ದಾದಿಯ ಗಂಟೆಗಳ ಲೆಕ್ಕ ಕೇಳುವುದಿಲ್ಲ. ತೆರಿಗೆಯ ರಿಯಾಯಿತಿಯನ್ನೋ ಸರಕಾರದ ಜಮೀನನ್ನೋ ಪಡೆದ ಸಂಸ್ಥೆ ತನ್ನ ಸಿಬ್ಬಂದಿಯ ಪಾಳಿ, ಸಂಬಳ, ವಿಶ್ರಾಂತಿ ಕೋಣೆಗಳ ವಿವರವನ್ನೂ ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂಬ ನಿಯಮವನ್ನು ಮಹಾರಾಷ್ಟ್ರವೂ ಕರ್ನಾಟಕವೂ ತರಬೇಕು. ಧರ್ಮಾರ್ಥವೆಂಬ ಪದದ ಅರ್ಥ ರೋಗಿಯ ಹಾಸಿಗೆಯಲ್ಲಿ ಶುರುವಾಗಿ ಅಲ್ಲಿಯೇ ಮುಗಿಯಬಾರದು.

ಮೇಲಾಗಿ ಅತಿಭಾರ ಅಗ್ಗವಾದದ್ದೂ ಅಲ್ಲ. ಪಳಗಿದ ದಾದಿಯರು ಗಲ್ಫ್ ದೇಶಗಳಿಗೆ, ಬ್ರಿಟನ್ನಿಗೆ, ಜರ್ಮನಿಗೆ ಹೊರಟುಹೋಗುತ್ತಾರೆ. ಅವರ ಜಾಗಕ್ಕೆ ಬಂದ ಹೊಸಬರು ಕಲಿಯುವ ವೇಳೆಗೆ ಅವರೂ ಹೊರಡುತ್ತಾರೆ. ಹೊರದೇಶಗಳಲ್ಲಿ ನೆಲೆಸಿದ ಜೈನ ಕನ್ನಡಿಗ ವೈದ್ಯರಿಗೆ ಈ ಮಾತಿನ ಇನ್ನೊಂದು ಬದಿಯೂ ಗೊತ್ತು. ಬ್ರಿಟನ್ನಿನಲ್ಲಿ ಕಿರಿಯ ವೈದ್ಯರಿಗೆ 2009ರಿಂದ ವಾರಕ್ಕೆ ಸರಾಸರಿ 48 ಗಂಟೆಯ ಮಿತಿಯಿದೆ. ಅಂತಹ ಮಿತಿಯ ನೆರಳಲ್ಲಿ ದುಡಿದು ಗಳಿಸಿದ ಹಣವನ್ನು ತಾಯ್ನಾಡಿನ ಆಸ್ಪತ್ರೆಗೆ ಕಳುಹಿಸುವಾಗ, ತಮಗೆ ಸಿಕ್ಕ ನೆರಳು ಅಲ್ಲಿಯ ಕಿರಿಯರಿಗೂ ಸಿಗುತ್ತಿದೆಯೇ ಎಂದು ಕೇಳುವ ಹಕ್ಕು ದಾನಿಗಳಿಗೆ ಇದೆ. ಕೇಳುವುದು ಅವರ ಕರ್ತವ್ಯವೂ ಹೌದು.

ದಾನದ ಹರಿವನ್ನು ಹೊಸ ದಿಕ್ಕಿಗೆ ತಿರುಗಿಸುವುದು ಈ ಸಮಾಜಕ್ಕೆ ಅಪರಿಚಿತವಲ್ಲ. 1899ರಲ್ಲಿ ನಿಪ್ಪಾಣಿ ಸಮೀಪದ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ, ಅಣ್ಣಾಸಾಹೇಬ ಲಠ್ಠೆಯವರಂತಹ ಮುಂದಾಳುಗಳ ದುಡಿಮೆಯಿಂದ, ಸಮಾಜದ ಹಣವನ್ನು ವಿದ್ಯಾರ್ಥಿಗಳ ಬೋರ್ಡಿಂಗುಗಳ ಕಡೆಗೆ ಹರಿಸಿತು. ಕನ್ನಡ ಮರಾಠಿ ಎರಡನ್ನೂ ಆಡುವ ಗಡಿನಾಡಿನ ರೈತರ ಮಕ್ಕಳು ಆ ಬೋರ್ಡಿಂಗುಗಳ ಅನ್ನ ಉಂಡು ವಕೀಲರೂ ವೈದ್ಯರೂ ಆದರು. ಕಟ್ಟಡಕ್ಕಿಂತ ಅದರೊಳಗಿನ ಮನುಷ್ಯ ಮುಖ್ಯವೆಂಬುದೇ ಆ ಸುಧಾರಣೆಯ ತಿರುಳಾಗಿತ್ತು. ಇಂದು ಅದೇ ತಿರುಳು ಆಸ್ಪತ್ರೆಯೊಳಗೆ ಬರಬೇಕಾಗಿದೆ.

ದಾರಿ ಗೂಢವಾದದ್ದಲ್ಲ. ಔಷಧದಾನ ಮಾಡುವವರು ಹಣ ಕೊಡುವ ಮುನ್ನ ಕೆಲವು ಸರಳ ಪ್ರಶ್ನೆಗಳನ್ನು ಕೇಳಬಹುದು. ರಾತ್ರಿ ಒಬ್ಬ ದಾದಿಯ ಪಾಲಿಗೆ ಎಷ್ಟು ರೋಗಿಗಳು? ಅತಿ ದೀರ್ಘವಾದ ಪಾಳಿ ಎಷ್ಟು ಗಂಟೆಯದು? ಚಿಲಕವಿರುವ ವಿಶ್ರಾಂತಿ ಕೋಣೆ, ಶೌಚಾಲಯ, ಕುಡಿಯುವ ನೀರು ಪ್ರತಿ ಮಹಡಿಯಲ್ಲಿ ಇವೆಯೇ? ತಡರಾತ್ರಿ ಪಾಳಿ ಬಿಟ್ಟವರನ್ನು ಮನೆ ಮುಟ್ಟಿಸುವ ವಾಹನವಿದೆಯೇ? ಗುತ್ತಿಗೆಯ ಸ್ವಚ್ಛತಾ ಕೆಲಸಗಾರರಿಗೆ ಕೈಗವಸು, ಲಸಿಕೆ, ವಾರದ ರಜೆ ಸಿಗುತ್ತವೆಯೇ? ತಪ್ಪು ನಡೆದಾಗ ಅದನ್ನು ಹೇಳಿಕೊಂಡವರಿಗೆ ಶಿಕ್ಷೆಯೋ, ತಪ್ಪಿನ ಕಾರಣಕ್ಕೆ ಪರಿಹಾರವೋ? ಹೊಸ ಸ್ಕ್ಯಾನಿಂಗ್ ಯಂತ್ರಕ್ಕೆ ಕೊಡುವ ದೇಣಿಗೆಯ ಒಂದು ಪಾಲನ್ನು ಇಬ್ಬರು ಹೆಚ್ಚಿನ ದಾದಿಯರ ಸಂಬಳಕ್ಕೆಂದು ಗೊತ್ತುಪಡಿಸಿದರೆ ಫಲಕದ ಮೇಲೆ ಹೆಸರು ಕೆತ್ತಿಸಲು ಜಾಗ ಸಿಗದೆ ಹೋಗಬಹುದು. ದಾನದ ಫಲಕ್ಕೆ ಅದರಿಂದ ಕುಂದಿಲ್ಲ. ರೋಗಿಗಳ ಬಂಧುಗಳಿಗೂ ಒಂದು ಪಾತ್ರವಿದೆ. ದಣಿದ ದಾದಿಯ ಮೇಲೆ ದನಿ ಎತ್ತುವ ಮುನ್ನ ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಾಳೆಂದು ಕೇಳಿದರೆ ದೂರು ಸರಿಯಾದ ಬಾಗಿಲಿಗೆ ಹೋಗುತ್ತದೆ. ಕರುಣೆಯೆಂದರೆ ಶಿಸ್ತಿನ ಸಡಿಲಿಕೆಯೂ ಅಲ್ಲ. ತಪ್ಪಿಗೆ ಹೊಣೆ ಇರಲೇಬೇಕು. ಆದರೆ ಹೊರಲಾರದ ಹೊರೆ ಹೇರಿದವನಿಗೂ ಆ ಹೊಣೆಯಲ್ಲಿ ಪಾಲಿರಬೇಕು.

ಹದಿನೆಂಟನೆಯ ಶತಮಾನದ ನಡುವೆ, ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಪುಣೆಯ ಬಾಯಾರಿಕೆ ತಣಿಸಿದ್ದು ಕಾತ್ರಜದ ಕೆರೆ. ಅಲ್ಲಿಂದ ಶನಿವಾರವಾಡೆಗೂ ಪೇಟೆಗಳ ಹೌದುಗಳಿಗೂ ನೆಲದಡಿಯ ಕಲ್ಲುಗಾಲುವೆಯಲ್ಲಿ ನೀರು ಹರಿಯುತ್ತಿತ್ತು. ಊರಿನವರಿಗೆ ಕಾಣುತ್ತಿದ್ದದ್ದು ಹೌದು ಮಾತ್ರ; ಕಾಲುವೆ ಮಣ್ಣಿನಡಿಯಲ್ಲಿ ಮರೆಯಾಗಿತ್ತು. ಅದನ್ನು ಕಟ್ಟಿದವರಿಗೆ ಒಂದು ಸಂಗತಿ ತಿಳಿದಿತ್ತು. ಮುಚ್ಚಿದ ಕಾಲುವೆಯಲ್ಲಿ ಗಾಳಿ ಸಿಕ್ಕಿಕೊಂಡರೆ, ಹೂಳು ತುಂಬಿದರೆ ನೀರು ಮುಂದೆ ಹೋಗದು. ಆದ್ದರಿಂದ ದಾರಿಯುದ್ದಕ್ಕೂ ಗಾಳಿಯಾಡಲು, ಇಳಿದು ಶುಚಿ ಮಾಡಲು ಬಾವಿಯಂತಹ ಬಾಯಿಗಳನ್ನು ಬಿಟ್ಟಿದ್ದರು. ಅವಕ್ಕೆ ಜನ ಇಟ್ಟ ಹೆಸರು ಉಚ್ಛ್ವಾಸ. ನೀರು ಕೊಡುವ ಕಾಲುವೆಗೂ ಉಸಿರು ಬೇಕೆಂದು ಅರಿತಿದ್ದ ಊರು ಅದು. ಬೆಳಗಿನ ಜಾವ ಕಾತ್ರಜದ ನಿಲ್ದಾಣದಲ್ಲಿ ಕಣ್ಣು ಮುಚ್ಚದಂತೆ ತಡೆದು ನಿಂತ ದಾದಿಯ ಪಾಳಿಪಟ್ಟಿಯಲ್ಲಿ ಅಂತಹ ಒಂದು ಬಾಯಿಯನ್ನು ತೆರೆಯುವುದು ಆಸ್ಪತ್ರೆ ನಡೆಸುವವರ, ದಾನ ಕೊಡುವವರ, ಕಾಯಿದೆ ಮಾಡುವವರ ಮೇಲಿರುವ ಋಣ. ಆ ಋಣ ತೀರುವ ವರೆಗೆ ಔಷಧದಾನದ ಫಲಕಗಳು ಅಪೂರ್ಣವಾಗಿಯೇ ಉಳಿಯುತ್ತವೆ.